ಜೊದೆಲ್ ಡಿ112 ಮತ್ತು ನನ್ನ ಸೋಮಾರಿ ಕಾಲುಗಳು

ಫ್ರಾನ್ಸಿನ ತುಲೂಸ್‌ಗೆ ಕೆಲಸಕ್ಕೆ ಬಂದ ಮೇಲೆ ವಿಮಾನ ಹಾರಿಸೋದು ಕಲಿತೆ. ಲೈಸೆನ್ಸ್ ಸಿಕ್ಕಿದ್ದು ಮೂಗಿನ ಕೆಳಗೆ ಚಕ್ರ ಇರುವ ಮಾಮೂಲಿ ವಿಮಾನದಲ್ಲಿ. ಅದರಲ್ಲಿ ಪೆಡಲ್ ಒತ್ತಿ ದಿಕ್ಕು ತಿದ್ದುವ ಕಾಲಿಗೆ ಅಷ್ಟು ಕೆಲಸ ಇಲ್ಲ, ಹಾಗಾಗಿ ನನ್ನ ಕಾಲುಗಳು ಸೋಮಾರಿಯಾಗಿಬಿಟ್ಟಿದ್ದವು. ಆಗ ಕ್ಲಬ್ಬಿನ ಹ್ಯಾಂಗರ್ ಮೂಲೆಯಲ್ಲಿದ್ದ ಹಳೇ ಜೊದೆಲ್ ಡಿ112 ಮೇಲೆ ಕಣ್ಣು ಬಿತ್ತು. ಮರದ ವಿಮಾನ, ಇಬ್ಬರು ಪಕ್ಕಪಕ್ಕ ಕೂರಬಹುದು, ಬಾಲದಲ್ಲಿ ಪುಟ್ಟ ಚಕ್ರ. ರೆಕ್ಕೆಯ ತುದಿಗಳನ್ನು ಮಾತ್ರ ಯಾರೋ ಮಡಚಿಟ್ಟ ಹಾಗೆ ಮೇಲಕ್ಕೆ ಎತ್ತಿದ್ದಾರೆ. ಶೋಕಿಗೆ ಮಾಡಿದ್ದು ಅಂದುಕೊಂಡಿದ್ದೆ.

ಆ ಚಳಿಗಾಲ ರೆಕ್ಕೆಯ ಬಟ್ಟೆ ಬಿಚ್ಚಿ ಹೊಸದು ಹಾಕುವ ಕೆಲಸಕ್ಕೆ ನಾನೂ ಕೈಹಾಕಿದೆ. ಒಳಗೆ ನೋಡಿದ ಮೇಲೆ ಗುಟ್ಟು ತಿಳಿಯಿತು. ಮುಖ್ಯ ತೊಲೆ ಈ ತುದಿಯಿಂದ ಆ ತುದಿಯವರೆಗೆ ಒಂದೇ, ಅರ್ಧಕ್ಕೆ ಕತ್ತರಿಸಿ ಬೋಲ್ಟು ಹಾಕಿ ಜೋಡಿಸಿದ್ದಲ್ಲ, ಅದಕ್ಕೇ ಅಷ್ಟು ಹಗುರ. ನಡುಭಾಗ ಚಪ್ಪಟೆ, ಅಗಲವೂ ಉದ್ದಕ್ಕೂ ಒಂದೇ, ಅಂದರೆ ಒಂದೇ ಅಚ್ಚಿನಲ್ಲಿ ಪಕ್ಕೆಲುಬುಗಳನ್ನು ಮಾಡುತ್ತಾ ಹೋಗಬಹುದು. ಗಾಳಿಯಲ್ಲಿ ವಾಲಾಡದೆ ನಿಲ್ಲಲು ಬೇಕಾದ ಏರನ್ನೆಲ್ಲ ತುದಿಗಳಿಗೇ ಬಿಟ್ಟಿದ್ದಾರೆ, ಸುಮಾರು 14 ಡಿಗ್ರಿ. ಒಬ್ಬ ಒಳ್ಳೆ ಬಡಗಿ ಕಟ್ಟಬಹುದಾದ ರೆಕ್ಕೆ ಇದು.

ಕಾಲವೂ ಹಾಗಿತ್ತು ಅನ್ನಿ. ಯುದ್ಧ ಮುಗಿದಿತ್ತು, ಫ್ರಾನ್ಸಿನ ಕ್ಲಬ್ಬುಗಳ ಕೈಯಲ್ಲಿ ದುಡ್ಡಿರಲಿಲ್ಲ. 1946ರಲ್ಲಿ ಬೋನ್ ಊರಿನ ಎದುವಾರ್ ಜೊಲಿ ಮತ್ತು ಅಳಿಯ ಜಾನ್ ದೆಲೆಮೊಂತೆ ಸೇರಿ ಕಂಪನಿ ಶುರು ಮಾಡಿದರು, ಮಾವನ 'ಜೊ', ಅಳಿಯನ 'ದೆಲ್'. ಮೊದಲು 1948ರಲ್ಲಿ ಒಬ್ಬರೇ ಕೂರುವ ಡಿ9 'ಬೇಬೆ' ಹಾರಿತು. ಅದು ಸರ್ಕಾರಕ್ಕೆ ಹಿಡಿಸಿ, ಕ್ಲಬ್ಬುಗಳಿಗೆ ಇಬ್ಬರು ಕೂರುವಂಥದ್ದು ಬೇಕು ಅಂದರು. 1950ರ ಏಪ್ರಿಲ್‌ನಲ್ಲಿ ಡಿ11 ಹಾರಿದಾಗ ಅದಕ್ಕಿದ್ದದ್ದು ಬರೀ 45 ಕುದುರೆ ಶಕ್ತಿಯ ಸಾಲ್ಮ್ಸನ್ ಇಂಜಿನ್. 65 ಕುದುರೆ ಶಕ್ತಿಯ ಕಾಂಟಿನೆಂಟಲ್ ಕೂರಿಸಿದ್ದೇ ನಮ್ಮ ಡಿ112. ಮಾವ ಅಳಿಯ ದೊಡ್ಡ ಕಾರ್ಖಾನೆ ಕಟ್ಟಲು ಹೋಗಲಿಲ್ಲ. ವಾಸ್ಮೆರ್‌ನಂಥ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟರು, ನಕ್ಷೆ ತಗೊಂಡು ಮನೆಯಲ್ಲೇ ಕಟ್ಟಿಕೊಂಡವರೂ ಜಾಸ್ತಿ ಜನ.

ಇನ್ನು ನನ್ನ ಪಾಡು. ನಮ್ಮ ವಿಮಾನಕ್ಕೆ ಸ್ಟಾರ್ಟರ್ ಇಲ್ಲ, ಚಕ್ರಕ್ಕೆ ಅಡ್ಡಕಟ್ಟೆ ಕೊಟ್ಟು ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಬೇಕು. ಹಾರಿದ ಮೇಲೆ ಏನೂ ತೊಂದರೆಯಿಲ್ಲ, ಎರಡು ಬೆರಳಲ್ಲಿ ಹಿಡಿದರೂ ಸಾಕು. ಕಷ್ಟ ಇರೋದು ನೆಲದಲ್ಲಿ. ಭಾರವೆಲ್ಲ ಮುಖ್ಯ ಚಕ್ರಗಳ ಹಿಂದೆ ಇರುತ್ತೆ, ಟ್ರ್ಯಾಕ್ಟರ್ ಟ್ರೇಲರನ್ನು ರಿವರ್ಸ್ ತೆಗೆಯೋರಿಗೆ ಈ ಸಂಕಟ ಗೊತ್ತು, ಸ್ವಲ್ಪ ಸೊಟ್ಟ ಆಯ್ತು ಅಂದರೆ ಇನ್ನೂ ಸೊಟ್ಟ ಆಗುತ್ತಲೇ ಹೋಗುತ್ತೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಎಪ್ಪತ್ತು ದಾಟಿದ ಅಜ್ಜ, ಅವರ ಬಾಯಲ್ಲಿ ಒಂದೇ ಮಾತು, "ಲೆ ಪಿಯೇ!", ಕಾಲು, ಕಾಲು!

ಆರನೇ ದಿನ ಚೆನ್ನಾಗಿ ಇಳಿಸಿದೆ. ಮೂರೂ ಚಕ್ರ ಒಟ್ಟಿಗೆ ಹುಲ್ಲು ಮುಟ್ಟಿದವು. ಖುಷಿಯಲ್ಲಿ ಕಾಲು ನಿಲ್ಲಿಸಿಬಿಟ್ಟೆ, ಎಡಗಡೆಯಿಂದ ಸಣ್ಣ ಗಾಳಿ ಬಾಲವನ್ನು ತಳ್ಳಿತು, ನಾನು ಪೆಡಲ್ ಒತ್ತಿದ್ದು ತಡವಾಗಿ, ಒತ್ತಿದ್ದೂ ಜಾಸ್ತಿ. ವಿಮಾನ ಗಿರ್ರನೆ ಸುತ್ತಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಪುಣ್ಯಕ್ಕೆ ವೇಗ ಕಮ್ಮಿ ಇತ್ತು, ಏನೂ ಮುರಿಯಲಿಲ್ಲ. ಅಜ್ಜ ಬೈಯಲಿಲ್ಲ. "ಹೆಂಗೂ ಈ ಕಡೆನೇ ಹೋಗಬೇಕಿತ್ತಲ್ವಾ" ಅಂದರು.

ಆಮೇಲೆ ಉಪಾಯವೊಂದು ಹೇಳಿಕೊಟ್ಟರು. ಮೂಗನ್ನು ನೋಡಬೇಡ, ರನ್‌ವೇ ಕೊನೆಯ ಮರ ನೋಡು, ಅದು ಜರುಗುವ ಮೊದಲೇ ಸಣ್ಣ ಸಣ್ಣ ಒತ್ತು ಕೊಡ್ತಾ ಇರು, ಇಂಜಿನ್ ಆಫ್ ಆಗೋವರೆಗೂ. ಇನ್ನೂ ಮೂರು ದಿನ ಹಿಡಿಯಿತು. ಕೊನೆಗೆ ಬಾಲಚಕ್ರದ ವಿಮಾನವನ್ನೂ ಹಾರಿಸಬಹುದು ಅಂತ ನನ್ನ ಲಾಗ್‌ಬುಕ್ಕಿಗೆ ಸಹಿ ಬಿತ್ತು, ಫೋಟೋಗೆ ನಿಲ್ಲೋಣ ಅಂದರೆ ಮೋಡ ಕಟ್ಟಿತ್ತು. ಮರದ ವಿಮಾನಕ್ಕೆ ಮಳೆ ಆಗಿಬರಲ್ಲ. ಇಬ್ಬರೂ ಸೇರಿ ಹ್ಯಾಂಗರಿಗೆ ತಳ್ಳಿದೆವು.