ಲೌಡನ್‌ನ 32ನೇ ಸೆನೆಟ್ ಕ್ಷೇತ್ರ: ಕೊನೆಗೂ ಕೂಡಿಬಂದ ನನ್ನ ಬೂತ್‌ವಾರು ಲೆಕ್ಕ

2025ರ ಜನವರಿ 7ರಂದು ನಡೆದ, ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯಲ್ಲಿರುವ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 32ನೇ ರಾಜ್ಯ ಸೆನೆಟ್, ಅಂದರೆ ಮೇಲ್ಮನೆ, ಕ್ಷೇತ್ರದ ಉಪಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಕಣ್ಣನ್ ಶ್ರೀನಿವಾಸನ್ ಸುಮಾರು 61, ರಿಪಬ್ಲಿಕನ್ ಪಕ್ಷದ ಟುಮೇ ಹಾರ್ಡಿಂಗ್ ಸುಮಾರು 38 ಪ್ರತಿಶತ ಮತ ಪಡೆದರು. ಅದರ ಹಿಂದಿನ ವಾರವೇ 60ಕ್ಕೆ 40 ಎಂದು ನಾನು ಗೆಳೆಯರಿಗೆ ಬರೆದುಕೊಟ್ಟಿದ್ದೆ, ಒಬ್ಬರೂ ನಂಬಿರಲಿಲ್ಲ. ಈ ಕ್ಷೇತ್ರದ ಸೆನೆಟರ್ ಆಗಿದ್ದ ಸುಹಾಸ್ ಸುಬ್ರಮಣ್ಯಂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾಗಿ ಈ ಸ್ಥಾನ ತೆರವಾದ ಅದೇ ನವೆಂಬರಿನಲ್ಲಿ ಲೌಡನ್ ಕೌಂಟಿ ರಿಪಬ್ಲಿಕನ್ನರತ್ತ ಸರಿದಿತ್ತು: ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟರ ಪಾಲು 2020ರಲ್ಲಿ ಬೈಡನ್‌ಗೆ ಪ್ರತಿಶತ 61ರ ಮೇಲೆ ಬಂದದ್ದು 2024ರಲ್ಲಿ ಹ್ಯಾರಿಸ್‌ಗೆ 56ಕ್ಕೆ ಇಳಿದಿತ್ತು. ಹೀಗಿರುವಾಗ ಅಂತರ ಹತ್ತು ದಾಟದು ಎಂಬುದು ಗೆಳೆಯರ ವಾದವಾಗಿತ್ತು. ಮತದಾನದ ಹಿಂದಿನ ದಿನ ಹಿಮ ಬಿದ್ದಾಗ ಅವರ ದನಿ ಇನ್ನಷ್ಟು ಏರಿತು.

ಮೊದಲು ನಾನು ಎಡವಿದ್ದನ್ನು ಹೇಳಬೇಕು. 2021ರ ಕೊನೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೊಸ ಗಡಿಗಳನ್ನು ಅಂಗೀಕರಿಸಿದ್ದರಿಂದ, ಈ ರೂಪದ ಕ್ಷೇತ್ರಕ್ಕೆ 2023ಕ್ಕಿಂತ ಹಿಂದಿನ ಫಲಿತಾಂಶವೇ ಇಲ್ಲ. ಹಳೆಯ 13 ಮತ್ತು 33ನೇ ಕ್ಷೇತ್ರಗಳ ಬೂತ್‌ಗಳನ್ನು ಹೊಸ ಗಡಿಗೆ ಹೊಂದಿಸಲು ಒಬ್ಬರಿಂದ ಸುಮಾರು ನಾನೂರು ಡಾಲರ್‌ಗೆ ನಕ್ಷೆ ಮಾಡಿಸಿದೆ. ಅವರು ಕೊಟ್ಟದ್ದು ಹಳೆಯ ಗಡಿಗಳನ್ನೇ. ಅದಕ್ಕಿಂತ ದೊಡ್ಡ ತಪ್ಪು ನನ್ನದೇ. ಆ ಹಳೆಯ ಚುನಾವಣೆಗಳಲ್ಲಿ ಮುಂಗಡ ಮತಗಳನ್ನೆಲ್ಲ, ಅಂದರೆ ಮತದಾನದ ದಿನಕ್ಕೆ ಮೊದಲೇ ಹಾಕಿದವನ್ನು, ಒಂದೇ ಕೇಂದ್ರ ಲೆಕ್ಕದಲ್ಲಿ ಕೊಡುತ್ತಿದ್ದರು. ಆ ಮತಗಳು ಡೆಮಾಕ್ರಟರ ಕಡೆ ಹೆಚ್ಚು ವಾಲಿದ್ದರೂ ನಾನು ಅವನ್ನು ಬೂತ್‌ಗಳಿಗೆ ಸಮನಾಗಿ ಹಂಚಿಬಿಟ್ಟೆ. 2023ರ ನನ್ನ ಅಂದಾಜು ಆರೇಳು ಅಂಕ ತಪ್ಪಿ ನಗೆಗೀಡಾಯಿತು. ಮುಂಗಡ ಮತಗಳನ್ನೂ ಬೂತ್‌ವಾರು ಪ್ರಕಟಿಸಬೇಕೆಂಬ 2022ರ ಕಾನೂನು ಬಂದಮೇಲಿನ ಅಂಕಿಗಳನ್ನು ಮಾತ್ರ ಮುಟ್ಟಬೇಕೆಂದು ಆಗ ಬುದ್ಧಿ ಬಂತು.

ವರ್ಜೀನಿಯಾದಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ. ಮತದಾರರ ಪಟ್ಟಿಯೂ ನನ್ನಂಥ ಹವ್ಯಾಸಿಗೆ ಸಿಗುವುದಿಲ್ಲ. ಆದ್ದರಿಂದ 2024ರ ಜೂನ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ಪ್ರತಿ ಬೂತ್‌ನಲ್ಲಿ ಬಿದ್ದ ಎರಡೂ ಪಕ್ಷಗಳ ಮತಗಳನ್ನು ಕೂಡಿಸಿ, ಜನವರಿಯ ಚಳಿಯಲ್ಲೂ ಬರುವವರು ಇವರೇ ಎಂದು ಹಿಡಿದೆ. ಅವರ ಒಲವು ಯಾವ ಪಕ್ಷದತ್ತ ಎಂಬುದಕ್ಕೆ ಮಾತ್ರ ಅಧ್ಯಕ್ಷೀಯ ಚುನಾವಣೆಯನ್ನು ಬಿಟ್ಟು 2023ರ ಸೆನೆಟ್ ಫಲಿತಾಂಶವನ್ನೇ ಇಟ್ಟುಕೊಂಡೆ. ನವೆಂಬರಿನಲ್ಲಿ ಮಾತ್ರ ಬಂದುಹೋಗುವ ಮತದಾರರನ್ನು ಉಪಚುನಾವಣೆಯ ಲೆಕ್ಕಕ್ಕೆ ಸೇರಿಸುವುದೇ ನನ್ನ ಗೆಳೆಯರ ತಪ್ಪು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಆ ಪ್ರೈಮರಿಯಲ್ಲಿ ಕಾಂಗ್ರೆಸ್ ಸ್ಥಾನದ ಡೆಮಾಕ್ರಟಿಕ್ ಟಿಕೆಟ್ಟಿಗೆ ಹನ್ನೆರಡು ಮಂದಿ ಇದ್ದುದರಿಂದ ಆ ಕಡೆಯ ಸಂಖ್ಯೆ ಉಬ್ಬಿತ್ತು. ಅದನ್ನು ಎಷ್ಟು ಇಳಿಸಿದೆ ಎಂಬುದನ್ನು ಇಲ್ಲಿ ಬಿಟ್ಟುಕೊಡಲಾರೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಭಾರತೀಯ ಹೆಸರಿಗೆ ನಮ್ಮವರ ಹೆಚ್ಚುವರಿ ಮತ ಬೀಳುತ್ತದೆ ಎಂಬ ಮಾತು ಇಲ್ಲಿ ಬಹಳ ಕೇಳಿಬರುತ್ತದೆ. ಶ್ರೀನಿವಾಸನ್ ಬಿಟ್ಟುಬಂದ ರಾಜ್ಯದ ಕೆಳಮನೆಯ 26ನೇ ಪ್ರತಿನಿಧಿ ಕ್ಷೇತ್ರದಲ್ಲಿ ಅದೇ ದಿನ ಜೆ.ಜೆ. ಸಿಂಗ್ ಮತ್ತು ರಾಮ್ ವೆಂಕಟಾಚಲಂ, ಇಬ್ಬರೂ ಭಾರತೀಯ ಮೂಲದವರೇ, ಎದುರುಬದುರಾಗಿದ್ದರು. ಹೆಸರಿನ ಲಾಭ ಯಾರಿಗೂ ಇಲ್ಲದ ಅಲ್ಲಿಯೂ ಡೆಮಾಕ್ರಟರ ಪಾಲು ಹೆಚ್ಚುಕಡಿಮೆ ಇಷ್ಟೇ ಬಂದಿತು. ಹೆಸರಿಗಾಗಿ ನಾನು ಇಟ್ಟಿದ್ದ ಕಾಲಂ ಅನ್ನು ಅಂದೇ ಅಳಿಸಿಹಾಕಿದೆ.

ಬೂತ್‌ವಾರು ನೋಡಿದರೆ ಎರಡು ಕಡೆ ಎಂಟೊಂಬತ್ತು ಅಂಕ ತಪ್ಪಿದ್ದೇನೆ. ಎರಡೂ ಹೊಸ ಅಪಾರ್ಟ್‌ಮೆಂಟ್‌ಗಳು ಎದ್ದ ಜಾಗಗಳು, 2023ರ ಒಲವನ್ನು ಅವಕ್ಕೆ ಹಚ್ಚಿದ್ದೇ ತಪ್ಪಿರಬೇಕು.