ರೊಟ್ಟಿ ಬಡಿಯುವ ಕೈಗೂ ಕೂಲಿ ಹಾಕಬೇಕು: ವಿಜಯಪುರದಿಂದ ನನ್ನ ಅನುಭವ

ಗೃಹಲಕ್ಷ್ಮಿಯ ಮೊದಲ ಎರಡು ಕಂತು ಸೇರಿ 4,000 ರೂಪಾಯಿ ಆಗಿತ್ತು. ನನ್ನ ಬಂಡವಾಳ ಅಷ್ಟೇ. 2023ರ ದೀಪಾವಳಿ ಮುಗಿದ ಮೇಲೆ ವಿಜಯಪುರದ ನಮ್ಮ ಮನೆಯ ಹಿತ್ತಲಲ್ಲಿ, ಸ್ನಾನದ ನೀರು ಕಾಯಿಸುವ ಒಲೆಯ ಮಗ್ಗುಲಿಗೇ ಇನ್ನೊಂದು ಒಲೆ ಹಾಕಿ, ಖಡಕ್ ರೊಟ್ಟಿ ಮಾಡಿ ಮಾರಲು ಶುರು ಮಾಡಿದೆ. 25 ಕೆಜಿ ಬಿಳಿಜೋಳಕ್ಕೆ 1,500, ಇನ್ನೊಂದು ಹಂಚಿಗೆ 450, ಕವರ್‌ಗಳಿಗೆ 300, ಕವರಿನ ಬಾಯಿ ಅಂಟಿಸುವ ಸಣ್ಣ ಮಷಿನ್‌ಗೆ 1,400. ಉಳಿದದ್ದು ಕಟ್ಟಿಗೆಗೆ ಹೋಯಿತು. ಪರಾತ, ಬುಟ್ಟಿ, ತಕ್ಕಡಿ ಮನೆಯಲ್ಲೇ ಇದ್ದವು.

ಮೊದಲ ಗಿರಾಕಿ ನಮ್ಮ ಓಣಿಯ ಟೀಚರ್. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. "ವೈನಿ, ದಿನಾ ಹತ್ತು ರೊಟ್ಟಿ ನಮಗೂ ಬಡೀರಲ್ಲ, ರೊಕ್ಕ ಕೊಡ್ತೀನಿ" ಅಂದರು. ಅವರಿಂದ ಅವರ ಶಾಲೆಯ ಇನ್ನೂ ನಾಲ್ಕು ಜನಕ್ಕೆ ಗೊತ್ತಾಯಿತು. ತಿಂಗಳಾಗುವಷ್ಟರಲ್ಲಿ ದಿನಕ್ಕೆ ನೂರು ರೊಟ್ಟಿ ಹೋಗುತ್ತಿದ್ದವು. ಒಂದಕ್ಕೆ 5 ರೂಪಾಯಿ. ಕೈಯಲ್ಲಿ ದಿನಾ ದುಡ್ಡು ಆಡುತ್ತಿತ್ತು, ನನಗೋ ಬಹಳ ಖುಷಿ.

ಎರಡು ತಿಂಗಳಾದ ಮೇಲೆ ಜೋಳ ತರಲು ಡಬ್ಬಿ ತೆಗೆದರೆ ದುಡ್ಡು ಸಾಲಲಿಲ್ಲ. ಅವತ್ತು ರಾತ್ರಿ ಮಗಳನ್ನು ಕೂರಿಸಿಕೊಂಡು ಅವಳ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಸಿದೆ. ಒಂದು ಕೆಜಿ ಜೋಳ 60, ಗಿರಣಿಗೆ 5, ಕಟ್ಟಿಗೆ 17, ಕವರ್ ಮತ್ತು ಅದರ ಮೇಲಿನ ಚೀಟಿ 8. ಒಟ್ಟು 90. ಕೆಜಿಗೆ ನನಗೆ ಬರುವುದು 18 ರೊಟ್ಟಿ. ಅಂದರೆ ಒಂದು ರೊಟ್ಟಿಗೆ ಸರಿಯಾಗಿ 5 ರೂಪಾಯಿ ಖರ್ಚು, ಅದನ್ನೇ 5ಕ್ಕೆ ಮಾರುತ್ತಿದ್ದೆ. ಜೋಳದ ರೇಟ್ ಒಂದನ್ನೇ ನೋಡಿ ಲಾಭ ಅಂದುಕೊಂಡಿದ್ದೆ. ಮುಂಜಾನೆ ನಾಲ್ಕಕ್ಕೆ ಎದ್ದು ತಾಸಿಗೆ 20 ರೊಟ್ಟಿಯಂತೆ ಐದು ತಾಸು ಬಡಿದದ್ದಕ್ಕೆ ಒಂದು ಪೈಸೆಯೂ ಇರಲಿಲ್ಲ. ಮನೆಯಲ್ಲಿ ಮಾಡುವ ಕೆಲಸಕ್ಕೆ ಕೂಲಿ ಹಿಡಿಯಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅದಕ್ಕೇ ಅದು ಲೆಕ್ಕಕ್ಕೇ ಬರುವುದಿಲ್ಲ.

ಮರುದಿನವೇ 8 ರೂಪಾಯಿ ಮಾಡಿದೆ. ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಇಬ್ಬರು ಬಿಟ್ಟರು, ಉಳಿದವರು ಸುಮ್ನೆ ಕೊಟ್ಟರು. ಟೀಚರ್ ಅಂತೂ "ಇಷ್ಟು ದಿನ ನಾನೇ ಕೇಳಬೇಕಂತಿದ್ದೆ" ಅಂದರು. ರೊಟ್ಟಿಗೆ 3 ರೂಪಾಯಿಯಂತೆ ತಾಸಿಗೆ 60 ಉಳಿಯಿತು. ದೊಡ್ಡ ಮೊತ್ತವಲ್ಲ ನಿಜ, ಆದರೆ ಅದು ನನ್ನ ಕೈಯ ಕೂಲಿ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಬೆಂಗಳೂರಿನ ಒಂದು ಮನೆಯಿಂದ ನೂರು ರೊಟ್ಟಿಗೆ ಆರ್ಡರ್ ಬಂತು. ರಾತ್ರಿ ಬಸ್ಸಿಗೆ ಹಾಕಬೇಕು ಅನ್ನುವ ಅವಸರದಲ್ಲಿ, ಸಂಜೆ ಬೇಯಿಸಿದ ರೊಟ್ಟಿಯನ್ನು ಬಿಸಿ ಪೂರ್ತಿ ಆರುವ ಮೊದಲೇ ಕವರಿಗೆ ಹಾಕಿ ಬಾಯಿ ಅಂಟಿಸಿಬಿಟ್ಟೆ. ಒಳಗೇ ಬೆವರಿ ಮೂರನೇ ದಿನಕ್ಕೆ ಬೂಸ್ಟು ಬಂದಿತ್ತು. ಫೋಟೋ ನೋಡಿ ಅಳು ಬಂತು. ದುಡ್ಡು ವಾಪಸ್ ಹಾಕಿದೆ. ಆಮೇಲೆ ಒಂದು ನೇಮ ಮಾಡಿಕೊಂಡೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತಿ ಒತ್ತಿ ಎರಡೂ ಮಗ್ಗುಲು ಒಣಗಿಸಬೇಕು, ಕೆಂಡದ ಸುತ್ತ ಆನಿಸಿ ನಿಲ್ಲಿಸಬೇಕು, ರಾತ್ರಿಯಿಡೀ ಬುಟ್ಟಿಯಲ್ಲಿ ಆರಬೇಕು, ಮರುದಿನ ಮುಂಜಾನೆ ಒಂದನ್ನು ಮುರಿದು ನೋಡಿ ಕಟ್ ಅಂತ ಸಪ್ಪಳ ಬಂದರೆ ಮಾತ್ರ ಕವರಿಗೆ. ಮಳೆಗಾಲದಲ್ಲಿ ಗಾಳಿಯ ತೇವಕ್ಕೇ ಮೆತ್ತಗಾಗುತ್ತದೆ, ಆಗ ಮುಂಜಾನೆ ಇನ್ನೊಮ್ಮೆ ಹಂಚಿಗೆ ಹಾಕುತ್ತೇನೆ. ಪೇಪರಿನಲ್ಲಿ ಸುತ್ತಿ ಕೊಡಬೇಡಿ, ಅದರ ಶಾಯಿ ತಿನ್ನುವ ವಸ್ತುವಿಗೆ ಹತ್ತುತ್ತದೆ.

ಜೋಳದ ವಿಷಯದಲ್ಲಿ ನಮ್ಮ ಜಿಲ್ಲೆಯವರ ಪುಣ್ಯ ದೊಡ್ಡದು. ನಮ್ಮ ಡೋಣಿ ನದಿಯ ಬಗ್ಗೆ, ಡೋಣಿ ಹರಿದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಸುಮ್ನೆ ಬಂದಿಲ್ಲ. ಎರೆ ಹೊಲದ ಹಿಂಗಾರಿ ಮಾಲ್ದಂಡಿ ತಳಿಯ ಜೋಳದ ಹಿಟ್ಟಿಗೆ ಇರುವ ಜಿಗಿ, ಅಂದರೆ ಅಂಟು, ಬೇರೆ ಜೋಳದಲ್ಲಿ ನನ್ನ ಕೈಗೆ ಸಿಕ್ಕಿಲ್ಲ. ಈಗ ಸುಗ್ಗಿ ಆದ ಕೂಡಲೇ ಗುರುತಿನ ರೈತರ ಹತ್ತಿರವೇ ಚೀಲಗಟ್ಟಲೆ ತಗೊಂಡು, ಬೇವಿನ ಎಲೆ ಹಾಕಿ ಇಡುತ್ತೇನೆ. ಆದರೆ ಬೀಸಿಸುವುದು ನಾಲ್ಕು ದಿನಕ್ಕೆ ಆಗುವಷ್ಟು ಮಾತ್ರ. ಹಿಟ್ಟು ಹಳೇದಾದರೆ ಎಷ್ಟು ಕುದಿಯುವ ನೀರು ಹಾಕಿ ನಾದಿದರೂ ಅಂಚು ಒಡೆಯುತ್ತದೆ. ಅಂಥ ರೊಟ್ಟಿ ದಾರಿಯಲ್ಲೇ ಚೂರಾಗುತ್ತದೆ.

ಕಾಗದ ಪತ್ರದ ಕೆಲಸಕ್ಕೆ ಹೆದರಬೇಡಿ. ನಾನು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿದಾಗ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಫೀ ಇತ್ತು. ಫೋಟೋ, ಆಧಾರ್ ಕೊಟ್ಟು ಆನ್‌ಲೈನಿನಲ್ಲಿ ಮಗಳೇ ತುಂಬಿದಳು. 14 ಅಂಕಿಯ ನಂಬರ್ ಬರುತ್ತದೆ, ಅದನ್ನು ಚೀಟಿಯ ಮೇಲೆ ಹಾಕಬೇಕು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಒಬ್ಬರು ಅದಕ್ಕೆ 800 ಕೇಳಿದ್ದರು, ಕೊಡಲಿಲ್ಲ. ಗ್ಯಾಸಿಗೆ ಬಂದರೆ, ಮನೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಈಗ ನಾನು ವ್ಯಾಪಾರಕ್ಕೆಂದೇ ಇರುವ 19 ಕೆಜಿಯದು ತಗೊಂಡಿದ್ದೇನೆ, ಒಣಗಿಸುವುದು ಮಾತ್ರ ಕೆಂಡದ ಮೇಲೇ.

ರೊಟ್ಟಿ ಮಷಿನ್ ತಗೋ, ಸಣ್ಣ ಆಹಾರ ಉದ್ಯಮಕ್ಕೆ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35 ಸಬ್ಸಿಡಿ ಇದೆ ಅಂತ ಆಗ ಹೇಳಿದವರಿದ್ದರು. ಉಳಿದ ಶೇ 65ರಲ್ಲಿ ಸಾಲ ಇರುತ್ತದೆ ಅಲ್ವಾ? ದಿನಕ್ಕೆ 150 ರೊಟ್ಟಿಯ ವ್ಯಾಪಾರಕ್ಕೆ ಅದು ಬೇಡ ಅಂತ ನಾನು ಬಿಟ್ಟೆ. ಅದರ ಬದಲು ರೊಟ್ಟಿ ಜೊತೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಇಟ್ಟೆ. ಹಿಂಡಿ ಬೇಗ ಕೆಡುವುದಿಲ್ಲ, ಒಡೆಯುವುದಿಲ್ಲ, ಕೈಗೆ ಉಳಿಯುವುದೂ ಅದರಲ್ಲೇ ಜಾಸ್ತಿ.

ಉದ್ರಿ ಬಗ್ಗೆ ಒಂದು ಮಾತು. ಒಂದು ಖಾನಾವಳಿಯವರು ದಿನಾ ನೂರು ರೊಟ್ಟಿ ತಗೊಂಡು ತಿಂಗಳಿಗೊಮ್ಮೆ ಕೊಡುತ್ತೇವೆ ಅಂದಿದ್ದರು. ಕೊನೆಯ ತಿಂಗಳಿನದು ಇನ್ನೂ ಬಂದಿಲ್ಲ. ಈಗ ಯಾರೇ ಇರಲಿ, ಪ್ರತಿ ಶನಿವಾರ ಲೆಕ್ಕ ಮುಗಿಯಬೇಕು.

ನಮ್ಮ ಹಿಂದಿನ ಮನೆಯ ಕಾಕು ಈಗ ನನ್ನ ಜೊತೆ ಬಡಿಯುತ್ತಾರೆ. ಅವರಿಗೂ ರೊಟ್ಟಿಗೆ 3 ರೂಪಾಯಿ, ಅವತ್ತಿನದು ಅವತ್ತೇ. ಎಳ್ಳ ಅಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಬಹಳ ಬೇಡಿಕೆ ಇರುತ್ತದೆ. ಕಳೆದ ಸಲ ಕೊನೆಯ ದಿನ ಬಂದವರನ್ನು ವಾಪಸ್ ಕಳಿಸಬೇಕಾಯಿತು, ಅದಕ್ಕೆ ಈ ಸಲ ಎಂಟು ದಿನ ಮೊದಲೇ ಹೇಳಿ ಅಂತ ಎಲ್ಲರಿಗೂ ಮೆಸೇಜ್ ಹಾಕಿದ್ದೇನೆ.