ಸಿ.ಆರ್.ಪಿ. ವರದಿ ಹಿಡಿದು ಮನೋವೈದ್ಯರ ಬಳಿ ಹೋಗುವ ಮುನ್ನ

ರಾಜಾಜಿನಗರದಲ್ಲಿರುವ ನಮ್ಮ ಚಿಕ್ಕಮ್ಮ ಕಳೆದ ವರ್ಷ ‘ಫುಲ್ ಬಾಡಿ ಚೆಕಪ್’ ಮಾಡಿಸಿಕೊಂಡಾಗ ಕೈಗೆ ಬಂದ ಹದಿನೆಂಟು ಪುಟಗಳ ವರದಿಯಲ್ಲಿ ಒಂದೇ ಒಂದು ಸಾಲು ದಪ್ಪಕ್ಷರದಲ್ಲಿತ್ತು: ಸಿ.ಆರ್.ಪಿ. 6.8. ಸೋಂಕು, ಪೆಟ್ಟುಗಳಿಗೆ ದೇಹದ ರೋಗನಿರೋಧಕ ವ್ಯವಸ್ಥೆ ತೋರುವ ಪ್ರತಿಕ್ರಿಯೆಗೆ ಉರಿಯೂತ ಎನ್ನುತ್ತಾರೆ; ಅದು ಎಷ್ಟಿದೆ ಎಂದು ಸೂಚಿಸುವ ರಕ್ತದ ಪ್ರೊಟೀನು ಸಿ.ಆರ್.ಪಿ. ಆರು ತಿಂಗಳಿಂದ ಅವರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು, ಖಿನ್ನತೆ ಎಂದರೆ ಮಿದುಳಿನ ಉರಿಯೂತವೇ ಹೊರತು ಬೇರೇನಲ್ಲ, ಅರಿಶಿನದ ಕ್ಯಾಪ್ಸೂಲ್ ನುಂಗಿದರೆ ಸಾಕು ಎಂದು ಬರೆದರು. ಚಿಕ್ಕಮ್ಮ ಕ್ಯಾಪ್ಸೂಲ್ ತರಿಸಿದರು. ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವ ಯೋಚನೆಯನ್ನೂ ಮಾಡಿದ್ದರು. ಇಂಥ ವರದಿ ಕೈಯಲ್ಲಿರುವವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಗುಂಪಿನಲ್ಲಿ ಬಂದ ಮಾತು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಜ್ವರ ಬಂದಾಗ ಊಟ ಸೇರುವುದಿಲ್ಲ, ಯಾರೊಡನೆಯೂ ಮಾತು ಬೇಡವಾಗುತ್ತದೆ, ಗಂಜಿ ಕುಡಿದು ಮುಸುಕು ಹಾಕಿಕೊಂಡು ಮಲಗಿದರೆ ಸಾಕೆನಿಸುತ್ತದೆ. ರೋಗನಿರೋಧಕ ಕಣಗಳು ಹೊರಬಿಡುವ ಸೈಟೊಕೈನ್ ಎಂಬ ಪ್ರೊಟೀನುಗಳು ಮಿದುಳಿಗೆ ಸುದ್ದಿ ಮುಟ್ಟಿಸುವುದರಿಂದ ಹೀಗಾಗುತ್ತದೆ. ಹೆಪಟೈಟಿಸ್-ಸಿ ರೋಗಕ್ಕೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ, ಅದನ್ನು ಪಡೆದವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಖಿನ್ನತೆಗೆ ಒಳಗಾದದ್ದು ಉರಿಯೂತಕ್ಕೂ ಮನಸ್ಸಿಗೂ ಇರುವ ಈ ನಂಟಿಗೆ ಬಲವಾದ ಸಾಕ್ಷ್ಯ. ಏಕೆಂದರೆ ಇಂಟರ್‌ಫೆರಾನ್ ಕೂಡ ಒಂದು ಸೈಟೊಕೈನ್.

ಒತ್ತಡ ಈ ಕಥೆಯೊಳಕ್ಕೆ ಬರುವುದು ಇನ್ನೊಂದು ದಾರಿಯಿಂದ. ಗಾಬರಿಯಾದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೂ, ಅದು ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗೂ ಹಾರ್ಮೋನಿನ ಮೂಲಕ ಅಪ್ಪಣೆ ಕಳಿಸಿ ಕಾರ್ಟಿಸೋಲ್ ಸುರಿಸುತ್ತದೆ. ಕಾರ್ಟಿಸೋಲ್ ಉರಿಯೂತವನ್ನು ತಗ್ಗಿಸುವ ವಸ್ತು. ಆದರೆ ಒತ್ತಡ ತಿಂಗಳುಗಟ್ಟಲೆ ಎಳೆದರೆ, ದಿನವೂ ಬೈಯುವ ಮೇಲಧಿಕಾರಿಯ ಮಾತಿಗೆ ಕಿವಿಗೊಡದ ನೌಕರರ ಹಾಗೆ, ರೋಗನಿರೋಧಕ ಕಣಗಳು ಕಾರ್ಟಿಸೋಲಿಗೆ ಸೊಪ್ಪು ಹಾಕುವುದನ್ನು ಬಿಡುತ್ತವೆ. ಉರಿಯೂತಕ್ಕೆ ಲಗಾಮು ತಪ್ಪುತ್ತದೆ. ಅಮೆರಿಕದ ಓಹಾಯೊದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ರೋಗವಿರುವ ಬಂಧುಗಳ ಆರೈಕೆ ಮಾಡುತ್ತಿದ್ದ ಹೆಂಗಸರ ತೋಳಿನ ಮೇಲೆ ಮಾಡಿದ ಪುಟ್ಟ ಗಾಯ ಮಾಯಲು ಉಳಿದವರಿಗಿಂತ ಸುಮಾರು 9 ದಿನ ಹೆಚ್ಚು ಹಿಡಿಯಿತು. ಅದೇ ತಂಡ 2003ರಲ್ಲಿ, ಮರೆವಿನ ರೋಗದ ಸಂಗಾತಿಯನ್ನು ನೋಡಿಕೊಳ್ಳುವ ಹಿರಿಯರಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್ ಏರುವ ವೇಗ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಎಂದು ತೋರಿಸಿತು. ಚಿಕ್ಕಮ್ಮನ ಸಂಗತಿಗೆ ಮರಳಿದಾಗ ಇದು ನೆನಪಿರಲಿ.

ಈಗ ಆ ಸಂಖ್ಯೆ. ಸಿ.ಆರ್.ಪಿ. ಎನ್ನುವುದು ಇಂಟರ್‌ಲ್ಯೂಕಿನ್-6ರ ಕರೆಗೆ ಓಗೊಟ್ಟು ಪಿತ್ತಜನಕಾಂಗ ತಯಾರಿಸುವ ಪ್ರೊಟೀನು. ಮೊದಲು ವರದಿಯಲ್ಲಿ ಅಳತೆಯ ಮಾನವನ್ನು ನೋಡಿ: ಕೆಲವು ಲ್ಯಾಬುಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ ಕೆಲವು ಡೆಸಿಲೀಟರಿಗೆ ಇಷ್ಟು ಎಂದೂ ಬರೆಯುವುದರಿಂದ, 0.68 ಮತ್ತು 6.8 ಒಂದೇ ಫಲಿತಾಂಶವಾಗಿರಬಹುದು. ಲೀಟರಿನ ಲೆಕ್ಕದಲ್ಲಿ 1ಕ್ಕಿಂತ ಕಡಿಮೆಯಿದ್ದರೆ ಕಡಿಮೆ, 3ಕ್ಕಿಂತ ಹೆಚ್ಚಿದ್ದರೆ ಹೆಚ್ಚು ಎಂಬ ಗೆರೆ ಎಳೆದದ್ದು ಹೃದ್ರೋಗದ ಅಪಾಯ ಅಳೆಯುವುದಕ್ಕೆ, ಮನೋರೋಗಕ್ಕಲ್ಲ. 10 ದಾಟಿದರೆ ಎಲ್ಲೋ ಸೋಂಕೋ ಪೆಟ್ಟೋ ಇದೆಯೆಂದು ಮೊದಲು ಅನುಮಾನಿಸಬೇಕು. ನೆಗಡಿ, ಹಲ್ಲಿನ ಹುಣ್ಣು, ಸಂಧಿವಾತ, ಬೊಜ್ಜು, ಬೀಡಿ-ಸಿಗರೇಟು ಎಲ್ಲವೂ ಇದನ್ನು ಏರಿಸುತ್ತವೆ. ಆದ್ದರಿಂದ ನೆಗಡಿ-ಜ್ವರ ಇದ್ದ ವಾರದಲ್ಲಿ ರಕ್ತ ಕೊಟ್ಟಿದ್ದರೆ ಆ ಸಂಖ್ಯೆಯನ್ನು ಬದಿಗಿಟ್ಟು, ಎರಡು-ಮೂರು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಿ.

ಹಾಗಿದ್ದರೆ ಮನೋರೋಗದಲ್ಲಿ ಇದಕ್ಕೆ ಬೆಲೆಯೇ ಇಲ್ಲವೇ? ಖಿನ್ನತೆಯಿರುವ ನಾಲ್ವರಲ್ಲಿ ಒಬ್ಬರಷ್ಟು ಮಂದಿಗೆ ಸಿ.ಆರ್.ಪಿ. 3ಕ್ಕಿಂತ ಹೆಚ್ಚಿರುತ್ತದೆ, ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳಲ್ಲೂ ಉರಿಯೂತದ ಗುರುತುಗಳು ಸರಾಸರಿಯಲ್ಲಿ ಏರಿರುತ್ತವೆ. ಅಂದರೆ ಖಿನ್ನತೆಯ ಮುಕ್ಕಾಲು ಪಾಲು ಜನರಲ್ಲಿ ಈ ಏರಿಕೆ ಇಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮಾಮೂಲಿ ಔಷಧಿಗೆ ಬಗ್ಗದ ಖಿನ್ನತೆಯಿದ್ದ 60 ಮಂದಿಗೆ ಇನ್ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ನಿರೋಧಕವನ್ನೋ ಹುಸಿಮದ್ದನ್ನೋ ಕೊಟ್ಟು ನೋಡಿದರು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಸಿ.ಆರ್.ಪಿ. 5ಕ್ಕಿಂತ ಹೆಚ್ಚಿದ್ದವರಿಗೆ ಔಷಧಿಯಿಂದ ಪ್ರಯೋಜನವಾದಂತೆ ಕಂಡಿತು, ಕಡಿಮೆ ಇದ್ದವರಲ್ಲಿ ಹುಸಿಮದ್ದೇ ವಾಸಿ ಎನ್ನುವಂತಾಯಿತು. ಉರಿಯೂತವೇ ಇಲ್ಲದವರಿಗೆ ಅದನ್ನು ತಗ್ಗಿಸುವ ಮದ್ದು ಕೊಟ್ಟು ಫಲವಿಲ್ಲ ಎಂದೇ ನಾನು ಇದನ್ನು ಓದಿಕೊಂಡಿದ್ದೇನೆ.

ವೈದ್ಯರ ಬಳಿ ಹೋಗುವ ಮುನ್ನ ಹದಿನಾಲ್ಕು ದಿನ ಒಂದು ನೋಟ್‌ಬುಕ್ ಬರೆಯಿರಿ. ರಾತ್ರಿ ಮಲಗಿದ್ದು ಎಷ್ಟು ಗಂಟೆಗೆ, ಎಷ್ಟು ಸಲ ಎಚ್ಚರವಾಯಿತು, ಮೈಯಲ್ಲಿ ಎಲ್ಲಿ ನೋವು, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂತೇ, ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಕಳೆಯಿತು, ರಾತ್ರಿ ಪಾಳಿ ಇತ್ತೇ, ಮನಸ್ಸು ಹತ್ತಕ್ಕೆ ಎಷ್ಟು ಎಂದು ದಿನಕ್ಕೆ ನಾಲ್ಕು ಸಾಲು ಸಾಕು. ಮನೆಯಲ್ಲಿ ಜಗಳವಾಗಿದ್ದರೆ ಅದನ್ನೂ ಬರೆಯಿರಿ. ‘ಟೆನ್ಷನ್ ಜಾಸ್ತಿ’ ಎಂಬ ಒಂದೇ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಪರೀಕ್ಷೆಗಳ ಸಂಗತಿಯಲ್ಲಿ, ದುಬಾರಿ ಪ್ಯಾಕೇಜಿಗಿಂತ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ವಿಟಮಿನ್ ಬಿ-12 ಇವುಗಳ ಬಗ್ಗೆ ವೈದ್ಯರನ್ನು ಕೇಳುವುದು ಮೇಲು. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ-12 ಕೊರತೆ ಇವೆಲ್ಲ ಖಿನ್ನತೆಯ ವೇಷದಲ್ಲಿ ಬರಬಲ್ಲವು. ಸಸ್ಯಾಹಾರಿ ಮನೆಗಳಲ್ಲಿ ಬಿ-12 ಕೊರತೆ ಬಹಳ ಸಾಮಾನ್ಯ. ಸೈಟೊಕೈನುಗಳನ್ನು ಅಳೆಯುವ ಪರೀಕ್ಷೆಗೆ ದುಡ್ಡು ಸುರಿಯಬೇಡಿ, ಅದರ ಆಧಾರದ ಮೇಲೆ ಮನೋರೋಗಕ್ಕೆ ಮಾತ್ರೆ ಆರಿಸುವ ಪದ್ಧತಿ ಇನ್ನೂ ಬಂದಿಲ್ಲ.

ಮನೋವೈದ್ಯರ ಬಳಿಗೆ ಎರಡೂ ಫೈಲುಗಳನ್ನು ಒಯ್ಯಿರಿ: ಸಕ್ಕರೆ-ಬಿ.ಪಿ.-ಮಂಡಿನೋವಿನದೊಂದು, ಮನಸ್ಸಿನದೊಂದು. ಮಂಡಿನೋವಿಗೆ ಐಬುಪ್ರೊಫೆನ್ ನುಂಗುವುದನ್ನು ಮನೋವೈದ್ಯರಿಗೆ ಹೇಳುವುದಿಲ್ಲ, ಖಿನ್ನತೆಯ ಮಾತ್ರೆಯನ್ನು ಮೂಳೆ ವೈದ್ಯರಿಗೆ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಇದು ಮಾಮೂಲಿ. ಆದರೆ ಎಸ್ಸಿಟಾಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆಯೂ ಇಂಥ ನೋವಿನ ಮಾತ್ರೆಯೂ ಜೊತೆಯಾದರೆ ಹೊಟ್ಟೆ-ಕರುಳಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಇದೇ ನೋವಿನ ಮಾತ್ರೆ ರಕ್ತದ ಲಿಥಿಯಂ ಮಟ್ಟವನ್ನು ವಿಷವಾಗುವಷ್ಟು ಏರಿಸಬಲ್ಲದು. ಉಬ್ಬಸಕ್ಕೋ ಸಂಧಿವಾತಕ್ಕೋ ಕೊಡುವ ಸ್ಟಿರಾಯ್ಡ್ ಮಾತ್ರೆ ಉರಿಯೂತವನ್ನೇನೋ ತಗ್ಗಿಸುತ್ತದೆ, ಆದರೆ ಕೆಲವರಲ್ಲಿ ನಿದ್ದೆಗೆಡಿಸಿ ಉನ್ಮಾದವನ್ನೋ ಖಿನ್ನತೆಯನ್ನೋ ತರುತ್ತದೆ. ಅಡುಗೆಯ ಅರಿಶಿನದಿಂದ ಭಯವಿಲ್ಲ. ಸಾರ ತೆಗೆದು ತುಂಬಿದ ಅರಿಶಿನದ ಕ್ಯಾಪ್ಸೂಲಿನಿಂದ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿರುವುದರಿಂದ ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡು ಹೋಗಿ. ಮನೋವೈದ್ಯರ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಮನೆಯಲ್ಲೇ ಮಾಡಬಹುದಾದದ್ದು ಹೊಸದೇನಲ್ಲ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ನಿಗದಿತ ಹೊತ್ತಿನ ನಿದ್ದೆ, ಸೊಪ್ಪು-ಕಾಳು-ರಾಗಿಗೆ ತಟ್ಟೆಯಲ್ಲಿ ಹೆಚ್ಚು ಜಾಗ, ಬೇಕರಿ ತಿಂಡಿಗೆ ಕಡಿಮೆ, ಹೊಗೆ ಬಿಡುವುದು, ಒಸಡಿಗೆ ಚಿಕಿತ್ಸೆ. ಇವುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ನಿದ್ದೆಯನ್ನು ಆರಿಸುತ್ತೇನೆ. ನಿದ್ದೆಗೆಟ್ಟರೆ ಉರಿಯೂತವೂ ಏರುತ್ತದೆ, ಮನಸ್ಸೂ ಕುಸಿಯುತ್ತದೆ, ಉಳಿದ ಯಾವುದನ್ನೂ ಮಾಡಲು ಕೈಯೇಳುವುದಿಲ್ಲ.

ಕಾಯಬಾರದ ಸಂದರ್ಭಗಳೂ ಇವೆ. ಚೆನ್ನಾಗಿದ್ದವರು ಕೆಲವೇ ದಿನಗಳಲ್ಲಿ ಅಸಂಬದ್ಧವಾಗಿ ಮಾತನಾಡತೊಡಗಿ, ಜೊತೆಗೆ ಜ್ವರ, ಫಿಟ್ಸ್ ಅಥವಾ ಮುಖ-ಕೈಗಳ ವಿಚಿತ್ರ ಚಲನೆ ಕಂಡರೆ, ಅದು ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಮೇಲೆ ಎರಗುವ ಎನ್ಸೆಫಲೈಟಿಸ್ ಇರಬಹುದು. 2007ರಲ್ಲಿ ಗುರುತಿಸಲಾದ ಇಂಥದೊಂದು ಬಗೆ ಎಳೆಯ ಹೆಂಗಸರಲ್ಲಿ ಹೆಚ್ಚು, ಬೇಗ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. ದೃಷ್ಟಿ ತೆಗೆಸುತ್ತಾ ಕೂರದೆ, ಮನೋವೈದ್ಯರೂ ನರರೋಗ ತಜ್ಞರೂ ಒಂದೇ ಆವರಣದಲ್ಲಿರುವ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕರೆದೊಯ್ಯಿರಿ. ಸಾಯುವ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಚಿಕ್ಕಮ್ಮನ ವರದಿ ನೋಡಿದ ಮನೋವೈದ್ಯರು ಮೊದಲು ಕೇಳಿದ್ದು, “ಆ ವಾರ ನೆಗಡಿ ಇತ್ತೇನಮ್ಮಾ?” ಎಂದು. ಇತ್ತು. ಮೂರು ವಾರ ಬಿಟ್ಟು ಮಾಡಿಸಿದಾಗ 2.1 ಬಂತು. ಅವರು ಹೆಚ್ಚು ಹೊತ್ತು ಓದಿದ್ದು ನೋಟ್‌ಬುಕ್ಕನ್ನು: ಹದಿನಾಲ್ಕು ದಿನಗಳಲ್ಲಿ ಹನ್ನೊಂದು ರಾತ್ರಿ ಚಿಕ್ಕಮ್ಮ ಎರಡು ಗಂಟೆಗೂ ನಾಲ್ಕು ಗಂಟೆಗೂ ಎದ್ದಿದ್ದರು, ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸಲು. ಮಾತ್ರೆ ಹಾಗೇ ಮುಂದುವರಿಯಿತು, ಕ್ಯಾಪ್ಸೂಲ್ ಡಬ್ಬಿ ಕಪಾಟು ಸೇರಿತು. ಈಗ ವಾರಕ್ಕೆ ನಾಲ್ಕು ರಾತ್ರಿ ಅತ್ತೆಯ ಕೋಣೆಯಲ್ಲಿ ಚಿಕ್ಕಪ್ಪನೂ ಅವರ ತಮ್ಮನೂ ಸರದಿಯ ಮೇಲೆ ಮಲಗುತ್ತಾರೆ.